ಕೊನೆಯ ಕಂತಿನಿಂದ ಕಟ್ಟಿದ ದೋಣಿ

ಮಾಲು ಎಂದು ನೋಡಿದರೆ ಯಲ್ದೂರಿನ ಕೋದಂಡರಾಮಪ್ಪನನ್ನು ನಾನು ಎರಡನೇ ದರ್ಜೆಯಲ್ಲಿ ಇಡುತ್ತೇನೆ. ಉದ್ದ ಹೆಚ್ಚು, ತೂಕ ಕಡಿಮೆ. ಒಣಮೆಣಸಿನಕಾಯಿ ಮೂಟೆಯ ಹಾಗೆ, ದೂರದಿಂದ ದೊಡ್ಡದಾಗಿ ಕಂಡರೂ ಎತ್ತಿದರೆ ಕೈಗೆ ಏನೂ ಸಿಗುವುದಿಲ್ಲ. ಬಣ್ಣ ಹುಣಸೆ ಬೀಜದ್ದು. ಮೂಗು ಮಾತ್ರ ಮೊದಲನೇ ದರ್ಜೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಲು ಅದನ್ನು ಸದಾ ಎತ್ತಿ ಹಿಡಿದಿರುತ್ತಾನೆ. ಬಸ್ಸಿನ ಕಂಡಕ್ಟರನಾಗಿದ್ದೂ ಕೈ ಶುದ್ಧ. ಇದು ಸಿಗದ ಮಾಲು, ನಿಜ. ಆದರೆ ಕೆರೆ ಬಿಟ್ಟರೆ ಬಾವಿ, ಬಾವಿ ಬಿಟ್ಟರೆ ಬಿಂದಿಗೆ, ಇಷ್ಟೇ ನೀರು ಕಂಡ ಈ ಸೀಮೆಯಲ್ಲಿ ಹಾಯಿದೋಣಿಯ ಹುಚ್ಚು ಹಿಡಿಸಿಕೊಂಡ ಮನುಷ್ಯನಿಗೆ ಯಾವ ಸಂತೆಯಲ್ಲಿ ಗಿರಾಕಿ ಹುಡುಕಲಿ?

ಹುಚ್ಚು ಬಂದದ್ದು ರದ್ದಿಯಿಂದ. ಶ್ರೀನಿವಾಸಪುರದ ಸಂತೆಬೀದಿಯಲ್ಲಿ ನನ್ನದು ಬೆಲ್ಲ, ಹುಣಸೆಹಣ್ಣು, ಮೆಣಸಿನಕಾಯಿಯ ಅಂಗಡಿ. ಸರಕು ಕಟ್ಟಿಕೊಡಲು ಕಾಗದ ಬೇಕು. ನಮ್ಮೂರಲ್ಲಿ ಒಬ್ಬ ಪತ್ರಿಕೆ ತರಿಸಿದರೆ ಊರೆಲ್ಲ ಓದುತ್ತದೆ. ನನ್ನ ಕೈಗೆ ಬರುವಷ್ಟರಲ್ಲಿ ಅದರಲ್ಲಿ ಒಂದು ಲವಂಗ ಕಟ್ಟುವಷ್ಟೂ ಜಾಗ ಉಳಿದಿರುವುದಿಲ್ಲ. ಅದಕ್ಕೇ ಚಿನ್ನದ ಗಣಿಯ ದೊರೆಗಳ ಬಂಗಲೆಗಳಿಂದ ಇಂಗ್ಲಿಷ್ ರದ್ದಿ ತರಿಸುತ್ತಿದ್ದೆ. ದೊರೆಗಳು ಓದಿದ ಮೇಲೂ ಕಾಗದ ಇಸ್ತ್ರಿ ಮಾಡಿದ ಹಾಗೇ ಇರುತ್ತದೆ. ಕಟ್ಟನ್ನು ಬಸ್ಸಿನ ಮೇಲೆ ಹಾಕಿಕೊಂಡು ಬಂದು ನನ್ನ ಅಂಗಡಿ ಮುಂದೆ ಇಳಿಸುವವನು ಕೋದಂಡರಾಮಪ್ಪ.

ಒಂದು ಸಲ ಬಂದ ಕಟ್ಟಿನಲ್ಲಿ ನುಣುಪು ಕಾಗದದ ಪುಸ್ತಕಗಳಿದ್ದವು. ಹೊಟ್ಟೆಪಾಡಿಗಲ್ಲದೆ ಬರೀ ಖುಷಿಗೆ ಹಾಯಿದೋಣಿ ಬಿಡುವ ಜನರಿಗಾಗಿಯೇ ಇಂಗ್ಲೆಂಡಿನಲ್ಲಿ ನಡೆಯುವ ಮಾಸಪತ್ರಿಕೆ. ಗಣಿಯ ಇಂಜಿನಿಯರ್ ದೊರೆಯೊಬ್ಬ ತರಿಸುತ್ತಿದ್ದ. ಪುಟಪುಟಕ್ಕೂ ಬಿಳಿ ಚಡ್ಡಿಯ ಜನ ಅರ್ಧ ಮೈಯನ್ನು ನೀರಿನ ಕಡೆ ಚಾಚಿಕೊಂಡು ನಗುತ್ತಿರುವ ಫೋಟೋ. ಬೀಳುವ ಹಾಗಿರುವವರು ನಗುವುದನ್ನು ನಾನು ಅಲ್ಲಿಯೇ ಮೊದಲು ನೋಡಿದ್ದು.

"ಶೆಟ್ರೇ, ಇದ್ರಲ್ಲಿ ಕಾರಪುಡಿ ಕಟ್ತೀರಾ?" ಎಂದ ಕೋದಂಡರಾಮಪ್ಪ.

"ಎಲ್ಲಿ ಕಟ್ಟೋದಯ್ಯ, ಮಡಿಕೇನೇ ನಿಲ್ಲಲ್ಲ. ಗಿರಾಕಿ ಮನೆ ಸೇರೋದ್ರೊಳಗೆ ಕಾರ ಜೇಬಲ್ಲಿರ್ತದೆ, ಜಗಳ ನನ್ನ ಅಂಗಡೀಲಿರ್ತದೆ."

"ಹಂಗಾದ್ರೆ ನಂಗೆ ಕೊಡಿ. ತೂಕದ ಲೆಕ್ಕದಲ್ಲೇ ತಗೊಳ್ತೀನಿ."

"ನೀನೇನ್ ಕಟ್ತೀಯ?"

"ಓದ್ತೀನಿ."

ರದ್ದಿಯನ್ನು ಓದಲು ಕೊಂಡವನು ನನ್ನ ವ್ಯಾಪಾರದಲ್ಲಿ ಅವನೊಬ್ಬನೇ. ಮಿಡ್ಲ್‌ಸ್ಕೂಲಿನವರೆಗೆ ಕಲಿತಿದ್ದ ಇಂಗ್ಲಿಷನ್ನು ಹಳೇ ಬೀಗ ತೆಗೆಯುವವನಂತೆ ತಿರುಗಿಸಿ ತಿರುಗಿಸಿ ಓದುತ್ತಿದ್ದ. ಬಸ್ಸು ನಿಂತಷ್ಟು ಹೊತ್ತು ನನ್ನ ಅಂಗಡಿ ಕಟ್ಟೆಯೇ ಅವನ ವಾಚನಾಲಯ. ಅಲ್ಲಿಯ ಸಮುದ್ರದ ಉಬ್ಬರ ಇಳಿತದ ಪಟ್ಟಿಯನ್ನು ಮಳೆ ಲೆಕ್ಕ ನೋಡುವ ರೈತನಂತೆ ನೋಡಿ, "ಈ ತಿಂಗಳು ಪಾಪ ಅವ್ರಿಗೆ ಬೆಳಗಿನ ಹೊತ್ತು ನೀರು ಸಾಲ್ದು ಶೆಟ್ರೇ," ಎಂದು ಮರುಗುತ್ತಿದ್ದ. ಓದುಗರ ಪತ್ರಗಳೆಂದರೆ ಪ್ರಾಣ. "ಇಲ್ನೋಡಿ, ಪಂದ್ಯದಲ್ಲಿ ಇವನ ದೋಣಿಗೆ ಅವನು ದಾರಿ ಬಿಡ್ಲಿಲ್ವಂತೆ. ನಾಲ್ಕು ತಿಂಗಳಿಂದ ಬೈದಾಡ್ತಾ ಇದಾರೆ."

"ನಿನ್ನ ಡ್ರೈವರ್ ಅಲ್ಲೂ ಕೆಲ್ಸಕ್ಕೆ ಸೇರ್ಕೊಂಡಿದಾನೇನೋ ಕೇಳು," ಎಂದೆ ನಾನು.

ಅವನ ತಲೆ ಪೂರ್ತಿ ಕೆಟ್ಟದ್ದು ಒಂದು ವಿಷಯ ಓದಿದ ದಿನ. ಗಾಳಿ ಎದುರಿನಿಂದ ಬೀಸುತ್ತಿದ್ದರೂ ಹಾಯಿದೋಣಿ ಗಾಳಿಯ ಕಡೆಗೇ ಮುಂದೆ ಹೋಗುತ್ತದಂತೆ. ನಾನು ನಕ್ಕೆ.

"ನಗಬೇಡಿ ಶೆಟ್ರೇ. ನೆಟ್ಟಗೆ ಹೋಗಲ್ಲ. ಓರೆಯಾಗಿ ಸ್ವಲ್ಪ ದೂರ, ಆಮೇಲೆ ತಿರುಗಿ ಈ ಕಡೆಗೆ ಓರೆ, ಮತ್ತೆ ಆ ಕಡೆಗೆ."

"ಅಂದ್ರೆ, ಭಾರದ ಗಾಡೀನ ಎತ್ತು ದಿಣ್ಣೆ ಹತ್ತಿಸ್ತದಲ್ಲ, ಹಂಗೆ?"

"ಹಾಂ! ಅದೇ ಕಣ್ರೀ!" ಎಂದು ಎದ್ದೇ ನಿಂತ. "ನಮ್ಮ ಎತ್ತಿಗೆ ಗೊತ್ತಿರೋದನ್ನ ಅವ್ರು ಬುಕ್ಕಲ್ಲಿ ಅಚ್ಚು ಹಾಕಿದಾರೆ, ಅಷ್ಟೆ. ನಾನೊಂದ್ಸಲ ಮಾಡಿ ನೋಡ್ಬೇಕು. ಒಂದೇ ಒಂದ್ಸಲ. ನಮ್ಮ ಕೆರೆ ಏರಿಯಿಂದ ಆಚೆ ದಡಕ್ಕೆ, ಎದುರುಗಾಳೀಲಿ."

ಆ ವರ್ಷ, ಮೂವತ್ತೆಂಟನೇ ಇಸವಿಯ ಕಾರ್ತಿಕದಲ್ಲಿ, ಯಲ್ದೂರಿನ ಆಚೆಯ ದೊಡ್ಡ ಕೆರೆ ತುಂಬಿ ಕೋಡಿ ಬಿತ್ತು. ಊರಿನವರು ಗಂಗಮ್ಮನಿಗೆ ಬಾಗಿನ ಕೊಟ್ಟು ಬಂದರು. ಕೋದಂಡರಾಮಪ್ಪ ಮಾತ್ರ ಕೋಡಿಯ ಹತ್ತಿರ ನಿಂತು ಮೂಗೆತ್ತಿ ಗಾಳಿ ನೋಡಿದ. ಕೆರೆ ತುಂಬುವುದು ಇಲ್ಲಿ ಎಷ್ಟೋ ವರ್ಷಕ್ಕೊಮ್ಮೆ. ಬೇಸಿಗೆ ಬೆಳೆಗೆ ತೂಬು ಎತ್ತಿದರೆ ಆ ನೀರೂ ಹೋಗುತ್ತದೆ. ಅಷ್ಟರೊಳಗೆ ದೋಣಿ ಆಗಬೇಕು.

ಪತ್ರಿಕೆಯಲ್ಲಿ ಅದಕ್ಕೂ ದಾರಿಯಿತ್ತು. ಮನೆಯ ಹಿತ್ತಲಲ್ಲೇ ಸಣ್ಣ ಹಾಯಿದೋಣಿ ಕಟ್ಟಿಕೊಳ್ಳುವುದು ಹೇಗೆ ಎಂದು ತಿಂಗಳಿಗೊಂದರಂತೆ ಹನ್ನೆರಡು ಕಂತಿನ ಲೇಖನ. ತೊಂದರೆ ಒಂದೇ. ಇವನ ಕೈಯಲ್ಲಿದ್ದದ್ದು ಹನ್ನೆರಡನೆಯ ಕಂತು, ಹನ್ನೊಂದನೆಯ ಕಂತು.

ಅದಕ್ಕೆ ಕಾರಣ ಬಂಗಲೆಯ ಬಟ್ಲರ್ ಆರೋಗ್ಯಸ್ವಾಮಿ. ದೊರೆ ಓದಿ ಮುಗಿಸಿದ ಪತ್ರಿಕೆಯನ್ನು ಅವನು ಸಾಮಾನು ಕೋಣೆಯ ಮರದ ಪೆಟ್ಟಿಗೆಗೆ ಹಾಕುತ್ತಿದ್ದ. ಹಳೆಯದು ಅಡಿಯಲ್ಲಿ, ಹೊಸದು ಮೇಲೆ. ನನಗೆ ಮಾರುವಾಗ ಮೇಲಿನಿಂದ ಒಂದು ಹಿಡಿ ತೆಗೆದುಕೊಡುತ್ತಿದ್ದ. ನಾನೇ ಹೋಗಿ ಕೇಳಿದೆ.

"ಆರೋಗ್ಯಸ್ವಾಮಿ, ಪೆಟ್ಟಿಗೆ ಪೂರ್ತಿ ಕೊಟ್ಬಿಡಪ್ಪ."

"ಅದು ಆಗಲ್ಲ ಚೆಟ್ಟಿಯಾರೇ. ಪೂರ್ತಿ ಕೊಟ್ರೆ ನೀವು ಒಂದು ಸಲ ಬರ್ತೀರಿ. ಸ್ವಲ್ಪ ಸ್ವಲ್ಪ ಕೊಟ್ರೆ ಸಲ ಸಲಕ್ಕೂ ಬೆಲ್ಲ ಹಿಡ್ಕೊಂಡು ಬರ್ತೀರಿ."

"ಅಡಿಯಲ್ಲಿರೋದನ್ನಾದ್ರೂ ಮೊದಲು ತೆಗಿ."

"ಅಷ್ಟು ಬಗ್ಗೋಕೆ ನಮ್ಮ ಸೊಂಟ ಒಪ್ಪಲ್ಲ ಚೆಟ್ಟಿಯಾರೇ."

ವ್ಯಾಪಾರಿಯ ತಲೆಗೆ ಬಟ್ಲರನ ಪೇಟ ಸುತ್ತಿದರೆ ಎದುರಿಗೆ ನಿಂತ ವ್ಯಾಪಾರಿ ಏನು ಮಾಡಬೇಕು? ಬೆಲ್ಲ ಕೊಟ್ಟು ಬಂದೆ.

ಬೇರೆ ಯಾರಾದರೂ ಮೊದಲ ಕಂತು ಬರುವವರೆಗೆ ಕಾಯುತ್ತಿದ್ದರು. ಕೋದಂಡರಾಮಪ್ಪ ಕೊನೆಯಿಂದಲೇ ಶುರುಮಾಡಿದ. ಹನ್ನೆರಡನೆಯ ಕಂತಿನಲ್ಲಿ ಬಣ್ಣ ಬಳಿದು ಹೆಸರು ಬರೆಯುವ ವಿಷಯ. ಒಂದು ಹಲಗೆಗೆ ನೀಲಿ ಬಣ್ಣ ಹೊಡೆದು 'ಗಂಗರತ್ನ' ಎಂದು ಹೆಂಡತಿಯ ಹೆಸರು ಬರೆದು ಗೋಡೆಗೆ ಒರಗಿಸಿದ. ದೋಣಿಗೆ ಹೆಸರಿತ್ತು, ದೋಣಿ ಇರಲಿಲ್ಲ.

"ಶೆಟ್ರಣ್ಣ, ನೀವೇ ನ್ಯಾಯ ಹೇಳಿ," ಎಂದಳು ಗಂಗರತ್ನಮ್ಮ ನನ್ನ ಅಂಗಡಿಗೆ ಬಂದು. "ಮದುವೆಯಾಗಿ ಇಷ್ಟು ವರ್ಷಕ್ಕೆ ಒಂದಿನ ನನ್ನ ಹೆಸರು ಹಿಡಿದು ಕೂಗಿಲ್ಲ ಈ ಮನುಷ್ಯ. ಈಗ ನೀರಿಗೆ ಮುಳುಗಿಸೋಕೆ ನನ್ನ ಹೆಸರೇ ಬೇಕಾಯ್ತಾ?"

ನಾನು ಅವನನ್ನು ಕೇಳಿದೆ, "ಕೊನೆಯಿಂದ ಕಟ್ಟೋದು ಯಾವ ಊರಿನ ಪದ್ಧತಿಯಯ್ಯ?"

"ಯಾಕೆ, ಮನೆ ಕಟ್ಟೋವಾಗ ಗೋಡೆಗಿಂತ ಮೊದ್ಲು ಬಾಗಿಲು ಮಾಡಿಸಿ ಇಟ್ಕೊಳ್ಳಲ್ವಾ?" ಎಂದ. ನನ್ನ ಮನೆಯ ಬಾಗಿಲುಗಳೂ ಗೋಡೆಗಿಂತ ವಯಸ್ಸಿನಲ್ಲಿ ದೊಡ್ಡವು.

ಹನ್ನೊಂದನೆಯ ಕಂತು ಹಾಯಿಯದು. ಕೋರಾ ಬಟ್ಟೆ ತಂದ. ಗಂಗರತ್ನಮ್ಮ ಒಂದೊಂದು ಹೊಲಿಗೆಗೂ ಒಂದೊಂದು ಬೈಗುಳ ಸೇರಿಸಿ ಕೈಯಲ್ಲೇ ಹೊಲಿದಳು. ಹೊಲಿಗೆ ಮಾತ್ರ ಮದುವೆ ಸೀರೆಯ ಅಂಚಿನಷ್ಟು ನೇರ. ನೀರು ಹಿಡಿಯದಿರಲು ಯಾವುದೋ ಎಣ್ಣೆ ಸವರಬೇಕೆಂದು ಬರೆದಿತ್ತು. ಸಿಕ್ಕಿದ್ದು ಹೊಂಗೆಎಣ್ಣೆ. ಹಾಯಿ ಒಣಗಿದಷ್ಟು ದಿನ ಅವರ ಬೀದಿಯಲ್ಲಿ ಯಾರ ಮನೆಯ ಒಗ್ಗರಣೆಯೂ ಯಾರಿಗೂ ಗೊತ್ತಾಗಲಿಲ್ಲ.

ಒಂದೊಂದು ಕಟ್ಟು ಬಂದ ಹಾಗೆ ಚುಕ್ಕಾಣಿ, ಹಗ್ಗ, ಹಾಯಿಕಂಬ ಹಿಂದುಹಿಂದಕ್ಕೆ ಸಿದ್ಧವಾದವು. ಕೆಲಸ ಮಾಡಿದವನು ರಾಯಲ್ಪಾಡಿನ ಪೆದ್ದಾಚಾರಿ, ಗಾಡಿ ಮಾಡುವ ಬಡಗಿ. ಮಾವಿನ ಹಲಗೆಗೆ ನಮ್ಮಲ್ಲಿ ಬರವಿಲ್ಲ. ಆದರೆ ಸಂಕ್ರಾಂತಿ ಕಳೆದು ದೋಣಿಯ ಒಡಲಿನ ಕಂತುಗಳು ಬಂದಾಗ ಕೆಲಸ ನಿಂತುಹೋಯಿತು. ಚಿತ್ರದಲ್ಲಿ ಎಲ್ಲ ಅಳತೆಯನ್ನೂ 'ಎ' ಎಂಬ ಅಕ್ಷರದ ಮೇಲೆ ಹೇಳಿದ್ದರು. ಮುಂಭಾಗದ ಹಲಗೆ ಎ-ಯ ಅರ್ಧ, ಪಕ್ಕದ್ದು ಎ-ಯ ಮೂರರಷ್ಟು. ಎ ಎಷ್ಟು ಎನ್ನುವುದು ಮೊದಲನೆಯ ಕಂತಿನಲ್ಲಿದೆ ಎಂದು ಅವುಗಳಲ್ಲಿ ಪ್ರತಿಯೊಂದೂ ತಪ್ಪದೆ ನೆನಪಿಸುತ್ತಿತ್ತು.

"ಏಮಯ್ಯಾ ಕೋದಂಡಾ," ಎಂದು ಉಳಿ ಕೆಳಗಿಟ್ಟ ಪೆದ್ದಾಚಾರಿ, "ನೊಗ ಕೊಟ್ಟೆ, ಮೂಕಿ ಕೊಟ್ಟೆ, ಗಾಡಿ ಎಷ್ಟು ದೊಡ್ಡದು ಅಂತ ಕೇಳಿದ್ರೆ ದೊರೆಗಳ ಸೀಮೆಯಿಂದ ಬರ್ತದೆ ಇರು ಅಂತೀಯ. ನಾನು ಉಳಿ ಹಿಡ್ಕೊಂಡು ಎಷ್ಟು ದಿನ ಕೂರ್ಲಿ?"

ಕೆರೆಯ ಕೋಡಿ ನಿಂತಿತ್ತು. ಕೋದಂಡರಾಮಪ್ಪ ಪ್ರತಿ ಟ್ರಿಪ್ಪಿಗೂ ಬಸ್ಸಿನಿಂದ ಇಳಿಯುವ ಮೊದಲೇ, "ಬಂತಾ ಶೆಟ್ರೇ?" ಎಂದು ಕೂಗುತ್ತಿದ್ದ. ತಂದು ಇಳಿಸುವವನು ಅವನೇ, ಬಂತಾ ಎಂದು ನನ್ನನ್ನು ಕೇಳುತ್ತಿದ್ದ! ಕೊನೆಗೆ ಶಿವರಾತ್ರಿಯ ಹೊತ್ತಿಗೆ ಪೆಟ್ಟಿಗೆಯ ತಳ ಸಿಕ್ಕಿತು. ಅದಕ್ಕಾಗಿ ನಾವಿಬ್ಬರೂ ಒಟ್ಟಿಗೇ ಬಂಗಲೆಗೆ ಹೋಗಿದ್ದೆವು. ಆರೋಗ್ಯಸ್ವಾಮಿ ಸೊಂಟ ಹಿಡಿದುಕೊಂಡು ಬಗ್ಗಿ ಮೊದಲನೆಯ ಕಂತಿನ ಪತ್ರಿಕೆಯನ್ನು ಎತ್ತಿದ. ಅರ್ಧ ಅವನ ಕೈಗೆ ಬಂತು, ಅರ್ಧ ಮಣ್ಣಾಗಿ ನೆಲಕ್ಕೆ ಉದುರಿತು. ಪೆಟ್ಟಿಗೆಯ ಹಲಗೆ ಯಾವುದು, ಪತ್ರಿಕೆ ಯಾವುದು ಎಂದು ಗೆದ್ದಲು ಭೇದ ಮಾಡಿರಲಿಲ್ಲ. ಉಳಿದಿದ್ದ ಪುಟದಲ್ಲಿ ನಗುತ್ತಿದ್ದ ಬಿಳಿ ಚಡ್ಡಿಯವನೊಬ್ಬ, ಅವನ ಮುಖದ ಮೇಲೆ ತೂತು.

ಕೋದಂಡರಾಮಪ್ಪ ಬಸ್ಸಿನಲ್ಲಿ ಹಿಂದಿರುಗುವಾಗ ಟಿಕೆಟ್ ಕೇಳದೆಯೇ ಮೂವರನ್ನು ಇಳಿಸಿಬಿಟ್ಟ. ನನಗೆ ಅವನ ಮೇಲೆ ಕರುಣೆಗಿಂತ ಸಿಟ್ಟೇ ಹೆಚ್ಚು ಬಂತು. ಊರ ಜನ ದುಡ್ಡಿಗೆ, ಹೊಲಕ್ಕೆ, ಹೆಣ್ಣಿಗೆ ಸಂಕಟ ಪಡುತ್ತಾರೆ. ಅದಕ್ಕೆ ಸಮಾಧಾನ ಹೇಳುವ ಮಾತುಗಳು ಎಲ್ಲರಿಗೂ ಗೊತ್ತು. ಗೆದ್ದಲು ತಿಂದ ಅಕ್ಷರಕ್ಕೆ ಏನೆಂದು ಸಮಾಧಾನ ಹೇಳುವುದು?

ಕೋಲಾರ ದಾಟಿದ ಮೇಲೆ ಅವನು ಇದ್ದಕ್ಕಿದ್ದಂತೆ ಬಗ್ಗಿ, ಇಬ್ಬರು ಕೂರುವ ಸೀಟಿನ ಅಗಲವನ್ನು ಗೇಣಿನಲ್ಲಿ ಅಳೆಯತೊಡಗಿದ. ಕೂತಿದ್ದ ಮುದುಕಿಯನ್ನು, "ಸ್ವಲ್ಪ ಆ ಕಡೆ ಸರೀರಮ್ಮ, ಎ ಅಳೀಬೇಕು," ಎಂದ.

ದೋಣಿಯಲ್ಲಿ ಇಬ್ಬರು ಕೂರಬಹುದು ಎಂದು ಪತ್ರಿಕೆಯಲ್ಲಿ ಬರೆದಿತ್ತಂತೆ. ಇಬ್ಬರು ಕೂರುವ ಅಗಲವೇ ಎ ಇರಬೇಕು ಎಂದು ಇವನ ತೀರ್ಮಾನ. ಆದರೆ ನಮ್ಮ ಬಸ್ಸಿನಲ್ಲಿ ಕಂಡಕ್ಟರ್ ಇಬ್ಬರ ಸೀಟಿಗೆ ಕೂರಿಸುವುದು ನಾಲ್ವರನ್ನು. ಹಾಗೆ ಕೂರಿಸಿ ಕೂರಿಸಿ ಇವನ ಕಣ್ಣಿಗೆ ಯಾವ ಅಳತೆಯೂ ಚಿಕ್ಕದಾಗಿಯೇ ಕಾಣುತ್ತಿತ್ತು. ಅಳೆದ ಎ-ಗೆ ಇನ್ನೂ ಒಂದು ಗೇಣು ಸೇರಿಸಿ, "ಒಬ್ರು ಜಾಸ್ತಿ ಬಂದ್ರೆ?" ಎಂದ. ಸಮುದ್ರದ ದೋಣಿಗೆ ಸ್ಟ್ಯಾಂಡಿಂಗ್ ಪ್ಯಾಸೆಂಜರಿನ ಲೆಕ್ಕ ಹಿಡಿದವನು ಭೂಮಿಯ ಮೇಲೆ ಇನ್ನೊಬ್ಬ ಇರಲಾರ.

ಪೆದ್ದಾಚಾರಿ ಕಟ್ಟಿದ. ಸಂದಿಗೆ ಹತ್ತಿ ತುಂಬಿ ರಾಳ ಬಳಿದ. ಆದದ್ದು ಎತ್ತಿಗೆ ಮೇವು ಹಾಕುವ ಗೋದಲಿಯಷ್ಟು ಅಗಲದ ಒಂದು ವಸ್ತು. ಗಾಡಿಯ ಮೇಲೆ ಕೆರೆಗೆ ಸಾಗಿಸಿ ನೀರಿಗೆ ಬಿಟ್ಟಾಗ ಅದು ತೇಲಿತು. ನನಗೆ ಆಶ್ಚರ್ಯ, ಪೆದ್ದಾಚಾರಿಗೆ ಇನ್ನೂ ಆಶ್ಚರ್ಯ.

ಈಗ ಬೇಕಾದದ್ದು ಗಾಳಿಯಿರುವ ಒಂದು ರಜೆಯ ದಿನ. ಕಂಡಕ್ಟರನಿಗೆ ರಜೆ ಎಲ್ಲಿ? ಯುಗಾದಿಗೆ ಎರಡು ಟ್ರಿಪ್ಪು ಜಾಸ್ತಿ. ಅಷ್ಟರಲ್ಲಿ ಬೇಸಿಗೆ ಬೆಳೆಗೆ ತೂಬು ಎತ್ತುವ ಮಾತು ಬಂತು. ಕೆರೆಯ ನೀರುಗಂಟಿ ದೊಡ್ಡಮುನಿಯಪ್ಪನ ಹತ್ತಿರ ಇವನು ಹೋಗಿ ನಿಂತ. ನಾನೂ ಅಲ್ಲಿದ್ದೆ.

"ದೊಡ್ಡಮುನಿಯಪ್ಪಣ್ಣ, ಒಂದು ವಾರ ತೂಬು ಎತ್ತಬೇಡ ಕಣಣ್ಣ."

"ಯಾಕ್ಲಾ? ಬಸ್ಸನ್ನ ಕೆರೇಲಿ ಓಡಿಸ್ಬೇಕಾ?"

"ದೋಣಿ ಬಿಡ್ಬೇಕು."

"ಬಿಡು, ಯಾರು ಬೇಡ ಅಂದೋರು? ನೀರು ಗದ್ದೆಗೆ ಹೋಗ್ತದೆ, ನೀನೂ ಅದರ ಹಿಂದೇನೇ ಹೋಗಿ ಗದ್ದೇಲಿ ಇಳ್ಕೊ." ಆಮೇಲೆ ಇವನ ಮುಖ ನೋಡಿ ದನಿ ತಗ್ಗಿಸಿದ. "ತೂಬು ಎತ್ತೋದು ನನ್ನ ಕೈ, ಕೋದಂಡ. ಎತ್ತು ಅನ್ನೋದು ಊರು. ಪೈರು ನಿನ್ನ ದೋಣಿ ಕಾಯ್ತದಾ?"

ತೂಬು ಎತ್ತಿದರು. ನೀರು ದಿನದಿನಕ್ಕೂ ಇಳಿಯಿತು. ದಡದಲ್ಲಿ ಕಟ್ಟಿದ್ದ ದೋಣಿಯನ್ನು ಇವನು ಬೆಳಗಾದರೆ ನೀರಿನ ಹಿಂದೆ ತಳ್ಳಿಕೊಂಡು ಹೋಗುತ್ತಿದ್ದ, ಓಡಿಹೋಗುವ ಎಮ್ಮೆಯ ಹಿಂದೆ ಕರುವನ್ನು ಎಳೆದುಕೊಂಡು ಹೋದ ಹಾಗೆ. ಇನ್ನು ಕೆಲವು ದಿನ ಕಳೆದರೆ ಕೆಸರು.

ಆಗ ಬಸ್ಸಿನ ಆಕ್ಸಲ್ ಮುರಿಯಿತು. ಸೀಮೆಯವರಿಗೆಲ್ಲ ತೊಂದರೆ, ಇವನೊಬ್ಬನಿಗೆ ರಜೆ.

ಆ ಮಧ್ಯಾಹ್ನ ನಾನು ಯಲ್ದೂರಿನ ಆಚೆಯ ಆಲೆಮನೆಯಿಂದ ಎರಡು ಗಾಡಿ ಬೆಲ್ಲ ಹೇರಿಸಿಕೊಂಡು ಕೆರೆ ಏರಿಯ ಮೇಲೆ ಬರುತ್ತಿದ್ದೆ. ವರ್ಷದ ದೊಡ್ಡ ಖರೀದಿ ಅದು. ಆಕಾಶ ಬಿಳಿಚಿಕೊಂಡಿತ್ತು, ಮಳೆಯ ಸುಳಿವಿರಲಿಲ್ಲ. ಗಾಡಿಗೆ ಹೊದಿಕೆ ಹಾಕಿಸಿರಲಿಲ್ಲ. ಕೆಳಗೆ ನೀರಿನಲ್ಲಿ ದೋಣಿಯ ಮೇಲೆ ಕೋದಂಡರಾಮಪ್ಪ ಹಾಯಿ ಏರಿಸುತ್ತಿದ್ದ. ಆಚೆ ದಡದಿಂದ ನಮ್ಮ ಮುಖಕ್ಕೇ ಗಾಳಿ. ಅವನಿಗೆ ಬೇಕಾದದ್ದು ಅದೇ, ಎದುರುಗಾಳಿ. ಹಾಯಿ ಒಮ್ಮೆ ಪಟಪಟ ಬಡಿದುಕೊಂಡಿತು, ಆಮೇಲೆ ಉಬ್ಬಿ ನಿಂತಿತು.

"ರೈಟ್!" ಎಂದು ಕೂಗಿದ. ಅಭ್ಯಾಸಬಲ; ಎದುರಿಗೆ ಡ್ರೈವರ್ ಇರಲಿಲ್ಲ.

ದೋಣಿ ಹೊರಟಿತು. ಓರೆಯಾಗಿ ಹೋಯಿತು, ತೂಗಾಡಿಕೊಂಡು ತಿರುಗಿತು, ಮತ್ತೆ ಈ ಕಡೆಗೆ ಓರೆ. ದಿಣ್ಣೆ ಹತ್ತುವ ಎತ್ತಿನ ಗಾಡಿಯದೇ ನಡೆ. ಗಾಳಿ ನನ್ನ ಮುಖಕ್ಕೆ ಹೊಡೆಯುತ್ತಿದ್ದರೆ ಆ ಅಗಲದ ಗೋದಲಿ ಅದೇ ಗಾಳಿಯ ಕಡೆಗೆ ದೂರ ದೂರ ಸರಿಯುತ್ತಿತ್ತು. ಗಾಡಿ ಹೊಡೆಯುವವರು ಎತ್ತು ನಿಲ್ಲಿಸಿ ಬಾಯಿಬಿಟ್ಟುಕೊಂಡು ನೋಡಿದರು. ನಕ್ಕಿದ್ದ ನಾನೂ ಬಾಯಿ ಮುಚ್ಚಿಕೊಂಡು ನೋಡಿದೆ. ಅವನು ಕೆರೆಯ ಮೂರನೇ ಒಂದು ಪಾಲು ದಾಟಿದ್ದ. ಮೈಯನ್ನು ನೀರಿನ ಕಡೆ ಚಾಚಿದ್ದ. ಅಷ್ಟು ದೂರದಿಂದ ಮುಖ ಕಾಣುವುದಿಲ್ಲ. ನಗುತ್ತಿದ್ದ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೇನೆ.

ಆಗಲೇ ಆಚೆ ದಡದ ಮಾವಿನ ತೋಪುಗಳ ಹಿಂದಿನಿಂದ ಕಪ್ಪು ಮೋಡ ಎದ್ದಿತು. ಮಾವಿನ ಕಾಲದ ಅಡ್ಡಮಳೆ ಹೇಳಿ ಕೇಳಿ ಬರುವುದಿಲ್ಲ. ದಪ್ಪ ಹನಿ ಏರಿಯ ಮಣ್ಣಿನ ಮೇಲೆ ಬಿದ್ದವು. ಸುತ್ತ ಒಂದು ಗುಡಿಸಲಿಲ್ಲ, ಒಂದು ಮರವಿಲ್ಲ. ಎರಡು ಗಾಡಿ ಬೆಲ್ಲ ಬಯಲಲ್ಲಿ. ಬೆಲ್ಲಕ್ಕೆ ಮಳೆ ಬಿದ್ದರೆ ಆಮೇಲೆ ಮಾರಲು ಉಳಿಯುವುದು ಗಾಡಿ ಮಾತ್ರ. ನನಗೆ ಬೇರೇನೂ ತೋಚಲಿಲ್ಲ. ಕೆರೆಯ ಕಡೆ ತಿರುಗಿ ಇದ್ದ ಶಕ್ತಿಯೆಲ್ಲ ಸೇರಿಸಿ, ಬಸ್ಸು ನಿಲ್ಲಿಸಲು ಕೂಗುವ ಹಾಗೆ ಕೂಗಿದೆ, "ಹೋಲ್ಡಾನ್!"

ಅವನು ತಿರುಗಿ ನೋಡಿದ. ಗಾಡಿ ನೋಡಿದ, ಮೋಡ ನೋಡಿದ, ಆಚೆ ದಡ ನೋಡಿದ. ಅದು ಹತ್ತಿರವಿರಲಿಲ್ಲ, ಆದರೆ ಅದುವರೆಗೆ ಅಷ್ಟು ಹತ್ತಿರ ಎಂದೂ ಬಂದಿರಲಿಲ್ಲ. ಆಮೇಲೆ ಚುಕ್ಕಾಣಿ ಎಳೆದ. ದೋಣಿ ಮೂತಿ ತಿರುಗಿಸಿತು. ಈಗ ಗಾಳಿ ಹಿಂದಿನಿಂದ. ಅಷ್ಟು ಕಷ್ಟಪಟ್ಟು ಹೋದ ದೂರವನ್ನು ಅದು ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟರಲ್ಲಿ ವಾಪಸು ಬಂತು. ಕೆಸರಿಗೆ ನುಗ್ಗಿ ನಿಂತ ಕೂಡಲೇ ಹಗ್ಗ ಕೊಯ್ದು, ಹಾಯಿಯನ್ನು ಹೆಗಲ ಮೇಲೆ ಹಾಕಿಕೊಂಡು ಏರಿ ಹತ್ತಿ ಓಡಿಬಂದ.

"ಹಿಡೀರಿ ಶೆಟ್ರೇ, ನೋಡ್ತಾ ನಿಂತ್ಕೊಂಡ್ರೆ? ಗಾಡಿ ಪಕ್ಕಕ್ಕೆ ಪಕ್ಕ ನಿಲ್ಸಿ!"

ಎರಡು ಗಾಡಿಗೂ ಸೇರಿಸಿ ಹಾಯಿ ಹೊದಿಸಿದೆವು. ಹೊಂಗೆಎಣ್ಣೆ ಕುಡಿದ ಬಟ್ಟೆ. ಒಂದು ಹನಿ ಒಳಗೆ ಬಿಡಲಿಲ್ಲ. ಬೆಲ್ಲ ಉಳಿಯಿತು. ಆಮೇಲೆ ಕೋಲಾರದ ಗಿರಾಕಿಯೊಬ್ಬ, "ಏನ್ ಶೆಟ್ರೇ, ನಿಮ್ಮ ಬೆಲ್ಲ ದೀಪದ ವಾಸನೆ ಹೊಡೀತದೆ," ಎಂದದ್ದುಂಟು. ಆದರೆ ಅವತ್ತು ಮಳೆ ನಿಲ್ಲುವ ಹೊತ್ತಿಗೆ ಗಾಳಿ ಹಾಯಿಯ ಅಡಿಗೆ ನುಗ್ಗಿ ಎತ್ತಿತು. ನಾವು ನಾಲ್ಕು ಜನ ಕೆಳಕ್ಕೆ ಜಗ್ಗಿದೆವು. ಗಾಡಿಯ ಗೂಟಕ್ಕೆ ಸಿಕ್ಕಿ ಬಟ್ಟೆ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಸೀಳಿತು. ಗಂಗರತ್ನಮ್ಮನ ಹೊಲಿಗೆ ಒಂದೂ ಬಿಚ್ಚಿರಲಿಲ್ಲ, ಹರಿದದ್ದು ಬಟ್ಟೆ.

ಮಳೆ ಕೆರೆ ತುಂಬುವಷ್ಟು ಬರಲಿಲ್ಲ, ದೋಣಿಯ ದಿನ ಕೆಡಿಸುವಷ್ಟು ಬಂತು. ವಾರ ಕಳೆಯುವುದರೊಳಗೆ ಕೆರೆ ಕೆಸರಾಯಿತು. ಆ ಮೂವತ್ತೊಂಬತ್ತರಲ್ಲೇ ಯುದ್ಧ ಶುರುವಾಯಿತು. ಇಂಜಿನಿಯರ್ ದೊರೆ ಊರಿಗೆ ಹೋದ, ಪತ್ರಿಕೆ ಬರುವುದು ನಿಂತಿತು. ಕೆರೆ ಮತ್ತೆ ಒಮ್ಮೆ ತುಂಬಿದಾಗ ಬಟ್ಟೆಗೆ ಕಂಟ್ರೋಲು. ರೇಷನ್ ಕಾರ್ಡಿಗೆ ಕೊಡುವ ಬಟ್ಟೆಯಲ್ಲಿ ಮೈ ಮುಚ್ಚಬಹುದು, ಹಾಯಿ ಆಗದು. ನಾನು ಎಲ್ಲೆಲ್ಲೋ ಕೇಳಿದೆ. ಮಾಲೂರಿನಲ್ಲಿ ಕೇಳಿದೆ, ಮುಳಬಾಗಿಲಿನಲ್ಲಿ ಕೇಳಿದೆ, ಹಿಂಬಾಗಿಲಿನಲ್ಲೂ ಕೇಳಿದೆ. "ಹೆಣ ಸುತ್ತೋಕೇ ಬಟ್ಟೆ ಇಲ್ಲ, ನಿಮ್ಗೆ ದೋಣಿಗೆ ಬೇಕಾ?" ಎಂದರು.

ಈಗ ಗಂಗರತ್ನಮ್ಮ ದೋಣಿಯನ್ನು ಹಿತ್ತಲಿನ ಎಮ್ಮೆಗೆ ಹುಲ್ಲು ಹಾಕಲು ಇಟ್ಟುಕೊಂಡಿದ್ದಾಳೆ. ದೋಣಿಯ ಹಣೆಯ ಮೇಲೆ ನೀಲಿ ಹಲಗೆ ಹಾಗೇ ಇದೆ. "ಹೆಸರು ನಂದು, ಊಟ ಎಮ್ಮೇದು," ಎನ್ನುತ್ತಾಳೆ. ಕೋದಂಡರಾಮಪ್ಪ ಪೆಟ್ರೋಲು ಸಿಗದೆ ಇದ್ದಿಲು ಗ್ಯಾಸಿನಲ್ಲಿ ಓಡುವ ಬಸ್ಸಿನಲ್ಲಿ ಕೆಮ್ಮಿಕೊಂಡು ಟಿಕೆಟ್ ಹರಿಯುತ್ತಾನೆ. ಹಳೆಯ ಪತ್ರಿಕೆಗಳನ್ನು ಇನ್ನೂ ಓದುತ್ತಾನೆ. ದೋಣಿ ಪಂದ್ಯದ ಆ ಇಬ್ಬರ ಜಗಳ ಏನಾಯಿತೋ ಎಂದು ಚಿಂತೆ ಮಾಡುತ್ತಾನೆ.

ಮೊ‌ನ್ನೆ ನಾನೇ ಆ ಮಾತು ತೆಗೆದೆ. "ಅವತ್ತಿನ ಗಾಳೀಲಿ ನೀನು ಮುಂದಕ್ಕೆ ಹೋಗಿದ್ರೆ ದೋಣಿ ಮಗುಚ್ತಿತ್ತು ಕಣಯ್ಯ."

"ಮಗುಚ್ತಿರ್ಲಿಲ್ಲ," ಎಂದ. "ಅದಕ್ಕೆ ಏನ್ ಮಾಡ್ಬೇಕು ಅಂತ ಐದನೇ ಕಂತಲ್ಲಿದೆ. ದಡ ಮುಟ್ತಿದ್ದೆ ಶೆಟ್ರೇ." ಅಷ್ಟೇ ಹೇಳಿ ನನ್ನ ಹುಣಸೆ ಮೂಟೆ ಎಣಿಸಿ ಬಸ್ಸಿನ ಮೇಲೆ ಹಾಕಿಸಿದ.

ಕೇಳುವವನಾಗಿದ್ದರೆ ಚೌಕಾಸಿ ಮಾಡಬಹುದಿತ್ತು. ಅವನು ಇವತ್ತಿನವರೆಗೆ ಬಾಯಿಬಿಟ್ಟು ಕೇಳಿಲ್ಲ. ನನ್ನನ್ನು ಕೆರಳಿಸುವುದು ಅದೇ. ಆದ್ದರಿಂದ ನಾನೇ ಹೇಳಿಬಿಡುತ್ತೇನೆ: ಯಲ್ದೂರಿನ ಕೋದಂಡರಾಮಪ್ಪನಿಗೆ ನಾನು ಒಂದು ಹಾಯಿ ಕೊಡಬೇಕು.